ಮನೆ ವೈರಿಂಗ್ ಚೆಕ್ ಮಾಡಿಸಿದರೆ ದುಡ್ಡು ದಂಡವಾ? ಹಾಸನ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಆಲೂರು, ಬೇಲೂರು, ಸಕಲೇಶಪುರದ ಕಡೆ ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಒಮ್ಮೊಮ್ಮೆ ಚಿಕ್ಕಮಗಳೂರು, ಮೂಡಿಗೆರೆಗೂ ಹೋಗುತ್ತೇನೆ. ಹೋದ ಕಡೆಯೆಲ್ಲ ಕಾಫಿ ಕುಡಿಯುವ ಹೊತ್ತಿಗೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವಸರದಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಬಂದದ್ದೇ ಜಾಸ್ತಿ. ಇಲ್ಲಿ ನಿಧಾನವಾಗಿ ಬರೆದಿದ್ದೇನೆ.

ಎಲ್ಲಾ ಚೆನ್ನಾಗಿ ಉರೀತಿದೆಯಲ್ಲ, ಸುಮ್ನೆ ಯಾಕೆ ಚೆಕ್ ಮಾಡಿಸಬೇಕು?

ದೀಪ ಉರಿಯುವುದಕ್ಕೆ ಎರಡು ತಂತಿ ಸಾಕು, ಕರೆಂಟ್ ತರುವ ಫೇಸ್ ಮತ್ತು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್. ನಿಮ್ಮ ಜೀವ ಕಾಯುವುದು ಮೂರನೆಯ ತಂತಿ, ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್. ಅದು ತುಂಡಾಗಿ ಹತ್ತು ವರ್ಷ ಆಗಿದ್ದರೂ ಫ್ಯಾನ್ ತಿರುಗುತ್ತದೆ, ಟಿವಿ ಓಡುತ್ತದೆ, ಗೀಸರ್ ನೀರು ಕಾಯಿಸುತ್ತದೆ. ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಗೀಸರ್ ಕಾಯಿಲ್ ಒಡೆದ ದಿನ, ಅದೂ ಒದ್ದೆ ಮೈಯಲ್ಲಿ ನಿಂತವರಿಗೆ.

ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತೆ. ಆಲೂರು ಕಡೆಯ ಹಳ್ಳಿಯಲ್ಲಿ ಅಮ್ಮ ಇರುತ್ತಾರೆ. "ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಜುಮ್ ಅಂತದೆ ಕಣಪ್ಪಾ" ಅಂತ ಫೋನಿನಲ್ಲಿ ಎರಡು ಸಲ ಹೇಳಿದ್ದರು. ಭಾನುವಾರ ಬರ್ತೀನಿ ಅಂದೆ. ಮೂರು ಭಾನುವಾರ ಬೇರೆಯವರ ಕೆಲಸದಲ್ಲೇ ಕಳೆಯಿತು. ನಾಲ್ಕನೇ ವಾರ ಹೋಗಿ ಹಿತ್ತಲಲ್ಲಿ ಅರ್ಥಿಂಗ್ ಪೈಪಿನ ಬುಡ ಕೆದಕಿದರೆ, ತಂತಿ ಕಟ್ಟಿದ್ದ ಕ್ಲಾಂಪ್ ತುಕ್ಕು ಹಿಡಿದು ಪುಡಿಯಾಗಿತ್ತು. ತಂತಿ ಸುಮ್ಮನೆ ಮಣ್ಣಿನಲ್ಲಿ ಬಿದ್ದಿತ್ತು. ಅಮ್ಮನಿಗೆ ಏನೂ ಆಗಲಿಲ್ಲ. ಆದರೆ ಆ ಮೂರು ವಾರ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಕಲಸುತ್ತದೆ. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡುತ್ತೇನೆ.

ಹಾಗಾದರೆ ಎಲ್ಲರೂ ಪ್ರತಿ ವರ್ಷ ಮಾಡಿಸಬೇಕಾ?

ಬೇಡ. ಪ್ರತಿ ವರ್ಷ ಪೂರ್ತಿ ಪರೀಕ್ಷೆ ಮಾಡಿಸಿ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಜಪಾನಿನಂಥ ದೇಶದಲ್ಲೂ ಮನೆಗಳನ್ನು ನೋಡಿಹೋಗುವುದು 4 ವರ್ಷಕ್ಕೊಮ್ಮೆ.

ನನ್ನ ಲೆಕ್ಕ ಹೀಗಿದೆ. ಹತ್ತು ವರ್ಷದೊಳಗಿನ ಮನೆ, ಒಳ್ಳೆಯ ತಾಮ್ರದ ವೈರ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ, ನಮ್ಮ ಮಾತಲ್ಲಿ 'ಬೀಳುವ' ಸ್ವಿಚ್) ಇದೆ ಅಂದರೆ ಐದು ವರ್ಷಕ್ಕೊಮ್ಮೆ ಸಾಕು. ಹಳೆಯ ಮನೆ, ಅದರಲ್ಲೂ ಗೋಡೆಗೆ ಥಂಡಿ ಏರುವ ಮಲೆನಾಡಿನ ಮನೆ ಆದರೆ ಎರಡು ಮೂರು ವರ್ಷಕ್ಕೊಮ್ಮೆ. ಮರದ ಪಟ್ಟಿಯ ಮೇಲೆ ವೈರ್ ಓಡಿಸಿರುವ, ಪಿಂಗಾಣಿ ಫ್ಯೂಸಿನ ಕಾಲದ ಮನೆ ಆದರೆ ಪದೇ ಪದೇ ಚೆಕ್ ಮಾಡಿಸಿ ದುಡ್ಡು ಕಳೆಯಬೇಡಿ. ಆ ದುಡ್ಡನ್ನು ಕೂಡಿಟ್ಟು ವೈರಿಂಗನ್ನೇ ಬದಲಾಯಿಸಿ.

ವರ್ಷಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮನೆಯಲ್ಲಿ ಏನು ಬದಲಾಗಿದೆ? ನಮ್ಮ ಕಡೆ ಬಚ್ಚಲಲ್ಲಿ ಹಂಡೆ ಒಲೆ ಇತ್ತು. ಸೌದೆ ತರುವವರಿಲ್ಲ ಅಂತ ಅಲ್ಲಿ ಗೀಸರ್ ಬಂತು. ಆದರೆ ಬಚ್ಚಲಿಗೆ ಹೋಗಿದ್ದದ್ದು ಒಂದು ಬಲ್ಬಿಗೆ ಸಾಕಾಗುವ ವೈರ್. 2,000 ವಾಟ್ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ, 3,000 ವಾಟಿನದು 13 ಆಂಪ್. ಒಂದು ಸ್ಕ್ವೇರ್ ಎಂಎಂ ಹಳೆ ವೈರಿನಲ್ಲಿ ಅದನ್ನು ದಿನಾ ಓಡಿಸಿದರೆ ವೈರಿನ ಹೊದಿಕೆ ಒಳಗೊಳಗೇ ಗಟ್ಟಿಯಾಗಿ ಸಿಡಿಯುತ್ತದೆ. ಗೀಸರಿಗೆ ನಾನು ಬೋರ್ಡಿನಿಂದ ನೇರವಾಗಿ 4 ಸ್ಕ್ವೇರ್ ಎಂಎಂ ವೈರ್ ಎಳೆಯುತ್ತೇನೆ. ಗೀಸರ್, ಇಂಡಕ್ಷನ್ ಒಲೆ, ಇನ್ವರ್ಟರ್, ಮಹಡಿಯ ಮೇಲೆ ಹೊಸ ರೂಮು, ಬಾವಿಗೆ ಮೋಟಾರು, ಇವುಗಳಲ್ಲಿ ಯಾವುದಾದರೂ ಬಂದಿದ್ದರೆ ಐದು ವರ್ಷ ಕಾಯಬೇಡಿ.

ಚೆಕ್ ಮಾಡುವುದು ಅಂದರೆ ಏನೇನು ಮಾಡುತ್ತಾರೆ?

ಟೆಸ್ಟರ್ ಚುಚ್ಚಿ, ಕೆಂಪು ದೀಪ ನೋಡಿ, "ಎಲ್ಲಾ ಸರಿ ಇದೆ" ಅಂದು ಹೋದರೆ ಅದು ಚೆಕ್ ಅಲ್ಲ. ಟೆಸ್ಟರ್ ಹೇಳುವುದು ಕರೆಂಟ್ ಇದೆಯೋ ಇಲ್ಲವೋ ಅಷ್ಟೇ.

ಸರಿಯಾದ ಪರೀಕ್ಷೆಗೆ ಒಂದು ಸಾಮಾನ್ಯ ಮನೆಯಲ್ಲಿ ಎರಡು ಮೂರು ಗಂಟೆ ಬೇಕು. ಮೊದಲು ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚುತ್ತೇವೆ. ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡುತ್ತೇವೆ. ಇದು ಸಣ್ಣ ಕೆಲಸದಂತೆ ಕಾಣುತ್ತದೆ. ಆದರೆ ನಾನು ನೋಡಿದ ಸುಟ್ಟ ಬೋರ್ಡುಗಳಲ್ಲಿ ಹೆಚ್ಚಿನವು ಸಡಿಲ ಸ್ಕ್ರೂವಿನಿಂದ ಸುಟ್ಟವು. ಸಡಿಲ ಇದ್ದ ಕಡೆ ಕಿಡಿ ಹಾರುತ್ತದೆ, ಬಿಸಿ ಏರುತ್ತದೆ. ಕರೆಂಟಿನ ಪ್ರಮಾಣ ಮಾತ್ರ ಜಾಸ್ತಿ ಆಗಿರುವುದಿಲ್ಲ. ಹಾಗಾಗಿ ಕರೆಂಟ್ ಮಿತಿ ಮೀರಿದಾಗ ಮಾತ್ರ ತಾನೇ ಆಫ್ ಆಗುವ ಸ್ವಿಚ್ಚಾದ ಎಂಸಿಬಿಗೆ ಅದು ಕಾಣುವುದೇ ಇಲ್ಲ. ಹಳೆಯ ಅಲ್ಯೂಮಿನಿಯಂ ವೈರ್ ಇದ್ದರಂತೂ ಸ್ಕ್ರೂ ಬೇಗ ಸಡಿಲವಾಗುತ್ತದೆ.

ಆಮೇಲೆ ಮೆಗ್ಗರ್ ಹಚ್ಚುತ್ತೇವೆ. 500 ವೋಲ್ಟ್ ಕೊಟ್ಟು ವೈರಿನ ಹೊದಿಕೆ ಎಷ್ಟು ಗಟ್ಟಿ ಇದೆ ಅಂತ ಅಳೆಯುವ ಉಪಕರಣ ಅದು. ಕಡಿಮೆ ಅಂದರೂ 1 ಮೆಗಾಓಮ್ ತೋರಿಸಬೇಕು (ಓಮ್ ಅಂದರೆ ಕರೆಂಟಿಗೆ ಎದುರಾಗುವ ತಡೆಯ ಅಳತೆ). ಒಳ್ಳೆಯ ವೈರಿಂಗ್ ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ತೋರಿಸುತ್ತದೆ. ಇದಕ್ಕೆ ಮುಂಚೆ ಟಿವಿ, ಫ್ರಿಜ್, ಎಲ್ಇಡಿ ಬಲ್ಬ್, ಇನ್ವರ್ಟರ್ ಎಲ್ಲ ಕಳಚಬೇಕು. ಕಳಚದೆ ಮೆಗ್ಗರ್ ಹಚ್ಚಲು ಬಂದರೆ ತಡೆಯಿರಿ, ಸಾಮಾನು ಸುಟ್ಟುಹೋಗುತ್ತವೆ.

ಕೊನೆಗೆ ಅರ್ಥಿಂಗ್ ಅಳತೆ, ಆರ್‌ಸಿಸಿಬಿ ಎಷ್ಟು ಬೇಗ ಬೀಳುತ್ತದೆ ಅನ್ನುವ ಅಳತೆ, ಒಂದೊಂದು ಪ್ಲಗ್ಗಿನಲ್ಲೂ ಅರ್ಥ್ ಬಂದಿದೆಯೋ ಅನ್ನುವುದು. ಅಳತೆಗಳನ್ನು ಬರೆದುಕೊಡಲು ಕೇಳಿ. ಮುಂದಿನ ಸಲ ಯಾರೇ ಬಂದರೂ ಹಳೆಯ ಅಳತೆಗೆ ಹೋಲಿಸಿ ನೋಡಬಹುದು.

ಎಷ್ಟು ಖರ್ಚಾಗುತ್ತದೆ?

ಎರಡು ರೂಮಿನ ಮನೆಗೆ ನಾನು 1,200 ರೂಪಾಯಿ ತೆಗೆದುಕೊಳ್ಳುತ್ತೇನೆ. ಊರು ದೂರ ಇದ್ದರೆ ಬಸ್ ಚಾರ್ಜು ಬೇರೆ. ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ಹಾಕಿಸಲು ಸಾಮಾನಿಗೇ ಎರಡು ಮೂರು ಸಾವಿರ ಬೇಕು. ಅರ್ಥಿಂಗ್ ಗುಂಡಿ ಹೊಸದಾಗಿ ತೋಡಿಸಿದರೆ ಇನ್ನೂ ಕೆಲವು ಸಾವಿರ. ಇದು ಸಣ್ಣ ದುಡ್ಡು ಅಂತ ನಾನು ಹೇಳುವುದಿಲ್ಲ. ಕೂಲಿ ಮಾಡುವ ಮನೆಯಲ್ಲಿ ಇದು ವಾರದ ಸಂಪಾದನೆ. ಆದರೆ ಪರೀಕ್ಷೆಯ ದುಡ್ಡು ಒಮ್ಮೆ ಕೊಟ್ಟರೆ ವರ್ಷಗಟ್ಟಲೆ ಬರುತ್ತದೆ.

ಎಂಸಿಬಿ ಹಾಕಿಸಿದ್ದೀನಲ್ಲ, ಶಾಕ್ ಹೊಡೆದರೆ ಅದು ಬೀಳಲ್ವಾ?

ಬೀಳುವುದಿಲ್ಲ. ಈ ಒಂದು ಉತ್ತರ ನೆನಪಿಟ್ಟುಕೊಂಡರೂ ನಾನು ಬರೆದದ್ದು ಸಾರ್ಥಕ.

ಎಂಸಿಬಿ ಇರುವುದು ವೈರನ್ನು ಕಾಯಲು. ಬೋರ್ಡಿನಲ್ಲಿ ಸಿಗುವ ಚಿಕ್ಕ ಎಂಸಿಬಿ 6 ಆಂಪಿನದು, ಅಂದರೆ 6,000 ಮಿಲಿಆಂಪ್. ಮನುಷ್ಯನ ಮೈಯಲ್ಲಿ 10 ಮಿಲಿಆಂಪ್ ದಾಟಿದರೇ ಕೈ ಬಿಗಿದು ಹಿಡಿದದ್ದನ್ನು ಬಿಡಲು ಆಗದೆ ಹೋಗಬಹುದು. 30 ದಾಟಿ ಕೆಲವು ಸೆಕೆಂಡ್ ನಿಂತರೆ ಎದೆಬಡಿತ ಹದ ತಪ್ಪುವ ಅಪಾಯ. ಆರು ಸಾವಿರಕ್ಕೆ ಕಾಯುವ ಎಂಸಿಬಿಗೆ ಈ ಮೂವತ್ತು ಲೆಕ್ಕಕ್ಕೇ ಬರುವುದಿಲ್ಲ.

ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ನಮ್ಮ ಕಡೆ ಹಳೆ ರೂಢಿಯಿಂದ ಇಎಲ್‌ಸಿಬಿ ಅಂತಲೇ ಕರೆಯುತ್ತೇವೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೂ ವಾಪಸ್ ಬಂತಾ ಅಂತ ಅದು ಸದಾ ತೂಗಿ ನೋಡುತ್ತಿರುತ್ತದೆ. ಎಲ್ಲೋ 30 ಮಿಲಿಆಂಪ್ ಸೋರಿಹೋಗಿದೆ ಅಂತ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಮನೆಗೆ ಕೊಳ್ಳುವಾಗ 30 ಮಿಲಿಆಂಪಿನದನ್ನೇ ಕೇಳಿ. 100, 300ರದ್ದೂ ಅಂಗಡಿಯಲ್ಲಿ ಇರುತ್ತವೆ. ಅವು ಬೆಂಕಿ ತಡೆಯಲು ಆದಾವು, ಜೀವ ಕಾಯಲು ಅಲ್ಲ.

ಅದರ ಮೇಲೆ "ಟಿ" ಗುಂಡಿ ಇದೆ. ತಿಂಗಳಿಗೊಮ್ಮೆ ಒತ್ತಿ. ಟಪ್ ಅಂತ ಬೀಳಬೇಕು. ಬೀಳದಿದ್ದರೆ ಅದೇ ವಾರ ಬದಲಾಯಿಸಿ. ಆದರೆ ಗುಂಡಿ ಒತ್ತಿದರೆ ಬಿತ್ತು, ಆದ್ದರಿಂದ ಅರ್ಥಿಂಗೂ ಸರಿ ಇದೆ ಅಂದುಕೊಳ್ಳಬೇಡಿ. ಆ ಗುಂಡಿ ನೋಡುವುದು ಆರ್‌ಸಿಸಿಬಿಯ ಒಳಗಿನ ಯಂತ್ರವನ್ನು ಮಾತ್ರ. ಅರ್ಥ್ ತಂತಿಯೇ ಇಲ್ಲದ ಮನೆಯಲ್ಲೂ ಗುಂಡಿ ಒತ್ತಿದರೆ ಅದು ಬೀಳುತ್ತದೆ.

ಮಳೆ ಬಂದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ತೆಗೆಸಿಬಿಡಲಾ?

ದಯವಿಟ್ಟು ಬೇಡ. ಸಕಲೇಶಪುರ, ಮೂಡಿಗೆರೆ ಕಡೆ ಜುಲೈ ತಿಂಗಳಲ್ಲಿ ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ. ಯಾರೋ ಬಂದು ಅದನ್ನು ಬೈಪಾಸ್ ಮಾಡಿ, ಡೈರೆಕ್ಟ್ ಕೊಟ್ಟು ಹೋಗಿರುತ್ತಾರೆ. ಮನೆಯವರು ಕರೆಂಟ್ ಬಂತಲ್ಲ ಅಂತ ನೆಮ್ಮದಿಯಾಗಿರುತ್ತಾರೆ.

ಅದು ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ಹೊರಗೋಡೆಯ ದೀಪದ ಹೋಲ್ಡರಿಗೆ ನೀರು ಇಳಿದಿರಬಹುದು. ಅಟ್ಟದ ಮೇಲೆ ಇಲಿ ಕಡಿದ ವೈರಿಗೆ ಹೆಂಚಿನ ಸಂದಿಯಿಂದ ಹನಿ ಬೀಳುತ್ತಿರಬಹುದು. ಎಲ್ಲ ಎಂಸಿಬಿ ಆಫ್ ಮಾಡಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಸಾಲಿನಲ್ಲಿ ದೋಷ. ಇಷ್ಟನ್ನು ನೀವೇ ಮಾಡಿ ಆ ಸಾಲನ್ನು ಆಫ್ ಇಟ್ಟುಕೊಂಡರೆ, ಬಂದವರಿಗೆ ಹುಡುಕುವ ಹೊತ್ತು ಉಳಿಯುತ್ತದೆ, ನಿಮಗೆ ದುಡ್ಡು ಉಳಿಯುತ್ತದೆ. ಇನ್ವರ್ಟರ್ ಹಾಕಿಸಿದ ದಿನದಿಂದಲೇ ಬೀಳುತ್ತಿದ್ದರೆ ಸೋರಿಕೆ ಇರಲಿಕ್ಕಿಲ್ಲ. ನ್ಯೂಟ್ರಲ್ ಅದಲುಬದಲಾಗಿರುತ್ತದೆ.

ಬಲ್ಬ್ ಹಚ್ಚಿ ಅರ್ಥಿಂಗ್ ಚೆನ್ನಾಗಿದೆ ಅಂತ ತೋರಿಸಿದರು. ಸಾಕಲ್ವಾ?

ಸಾಲದು. ಫೇಸಿನಿಂದ ಅರ್ಥಿಗೆ 100 ವಾಟ್ ಬಲ್ಬ್ ಹಚ್ಚಿದರೆ ಅದಕ್ಕೆ ಬೇಕಾದದ್ದು ಅರ್ಧ ಆಂಪಿಗಿಂತ ಕಡಿಮೆ. ಅರ್ಥಿಂಗ್ ಕೆಟ್ಟು 100 ಓಮ್ ತೋರಿಸುತ್ತಿದ್ದರೂ ಬಲ್ಬ್ ಸ್ವಲ್ಪ ಮಂಕಾಗಿ ಉರಿದೇ ಉರಿಯುತ್ತದೆ. ಈಗ ಅದೇ ಮನೆಯಲ್ಲಿ ಗೀಸರಿನ ಮೈಗೆ ಫೇಸ್ ತಾಗಿತು ಅಂತ ಇಟ್ಟುಕೊಳ್ಳಿ. 230 ವೋಲ್ಟನ್ನು 100 ಓಮಿನಿಂದ ಭಾಗಿಸಿ. ಅರ್ಥಿಗೆ ಹರಿಯುವುದು ಬರೀ 2.3 ಆಂಪ್. 16 ಆಂಪಿನ ಎಂಸಿಬಿ ಕದಲುವುದಿಲ್ಲ. ಗೀಸರಿನ ಮೈಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ.

ನಮ್ಮ ಜಿಲ್ಲೆಯಲ್ಲೇ ಎರಡು ಥರದ ನೆಲ ಇದೆ. ಅರಸೀಕೆರೆ ಕಡೆಯದು ಒಣ ನೆಲ. ಏಪ್ರಿಲ್ ಹೊತ್ತಿಗೆ ಅರ್ಥಿಂಗ್ ಗುಂಡಿ ಪೂರ್ತಿ ಒಣಗಿ ಓಮ್ ಮೇಲೇರುತ್ತದೆ. ಗುಂಡಿಗೆ ಉಪ್ಪು, ಇದ್ದಿಲು ಹಾಕಿದ್ದರೂ ನೀರು ಹಾಕದಿದ್ದರೆ ಉಪಯೋಗ ಇಲ್ಲ. ಬೇಸಿಗೆಯಲ್ಲಿ ವಾರಕ್ಕೊಂದೆರಡು ಕೊಡ ನೀರು ಹಾಕಿ. ಸಕಲೇಶಪುರದ ಕಡೆ ನೆಲ ತಂಪಾಗಿಯೇ ಇರುತ್ತದೆ, ಆದರೆ ಅಲ್ಲಿ ಕ್ಲಾಂಪು, ಬೋಲ್ಟು ತುಕ್ಕು ತಿಂದುಹೋಗುತ್ತವೆ.

ಅರ್ಥಿಂಗ್ ಅಳೆಯಲು ಏಪ್ರಿಲ್ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ನೆಲ ಒಣಗಿದಾಗ ಸರಿ ಬಂದರೆ ವರ್ಷವಿಡೀ ಸರಿ ಇರುತ್ತದೆ. ಏನಾದರೂ ಸರಿಪಡಿಸಬೇಕಾದರೂ ಮಳೆ ಹಿಡಿಯುವ ಮುಂಚೆ ಮುಗಿಸಬಹುದು.

ಇನ್ನೊಂದು ಮಾತು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಪ್ಲಗ್ಗಿನ ಅರ್ಥ್ ಪಿನ್ನಿಗೆ ನ್ಯೂಟ್ರಲ್ಲಿನಿಂದ ತುಂಡು ವೈರ್ ಸೇರಿಸಿಬಿಡುವವರಿದ್ದಾರೆ. ಇದು ಕೊಲ್ಲುವ ಕೆಲಸ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಫ್ರಿಜ್ಜಿನ ಬಾಗಿಲು, ವಾಷಿಂಗ್ ಮಷಿನ್ನಿನ ಮೈ ಎಲ್ಲ ಫೇಸ್ ಆಗುತ್ತದೆ. ನಿಮ್ಮ ಮನೆಯಲ್ಲಿ ಹೀಗಿದೆಯಾ ಅಂತ ನೋಡಿಸುವ ಒಂದೇ ಕಾರಣಕ್ಕಾದರೂ ಪರೀಕ್ಷೆಯ ದುಡ್ಡು ಕೊಡಬಹುದು.

ಸೆಸ್ಕ್‌ನವರೇ ಬಂದು ನೋಡುವುದಿಲ್ಲವಾ?

ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ. ನಮ್ಮ ಹಿರಿಯರಿಗೆ ಎರಡೂ ಇನ್ನೂ ಕೆಇಬಿಯೇ. ಕಂಬದಿಂದ ಮೀಟರಿನವರೆಗೆ ಅವರದು. ಮೀಟರ್ ದಾಟಿದ ಮೇಲೆ ನಿಮ್ಮದು. ಕಂಬದಲ್ಲಿ ಕಿಡಿ, ಸರ್ವಿಸ್ ವೈರ್ ಜೋತುಬಿದ್ದಿರುವುದು, ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಒರಗಿರುವುದು, ಇವಕ್ಕೆ 1912ಕ್ಕೆ ಫೋನ್ ಮಾಡಿ. ದೀಪಗಳು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿ, ಕೆಲವು ಮಂಕಾದರೆ ಮೊದಲು ಮೇನ್ ಆಫ್ ಮಾಡಿ, ಆಮೇಲೆ ಫೋನ್. ಅದು ಹೊರಗಿನ ನ್ಯೂಟ್ರಲ್ ಕಡಿದ ಲಕ್ಷಣ.

ಗೃಹಜ್ಯೋತಿ ಬಂದಮೇಲೆ ಬಿಲ್ಲೇ ಸೊನ್ನೆ. ಲೀಕೇಜ್ ಇದ್ದರೆ ನಮಗೇನು ನಷ್ಟ?

2023ರವರೆಗೆ ಜನ ಬಿಲ್ಲು ನೋಡಿ "ಯಾಕೋ ಈ ತಿಂಗಳು ಜಾಸ್ತಿ ಬಂದಿದೆ" ಅಂತ ನನಗೆ ಫೋನ್ ಮಾಡುತ್ತಿದ್ದರು. ಹಾಗೆ ಎಷ್ಟೋ ಸೋರಿಕೆ ಸಿಕ್ಕಿವೆ. ಈಗ ಬಿಲ್ಲಿನ ಚೀಟಿಯನ್ನು ಯಾರೂ ಓದುವುದಿಲ್ಲ. ಯೋಜನೆ ಒಳ್ಳೆಯದೇ, ನಮ್ಮ ಅಮ್ಮನಿಗೂ ಅದರಿಂದ ಅನುಕೂಲ ಆಗಿದೆ. ಆದರೆ ಚೀಟಿಯಲ್ಲಿ ಯೂನಿಟ್ ಮಾತ್ರ ನೋಡುತ್ತಿರಿ.

ಒಂದು ಕಡೆ ಆಂಪಿನ ಹತ್ತನೇ ಒಂದು ಭಾಗ ಸೋರಿದರೂ ಅದು 23 ವಾಟ್. ತಿಂಗಳಿಗೆ ಸುಮಾರು 16 ಯೂನಿಟ್. ದುಡ್ಡು ಹೋಗದೇ ಇರಬಹುದು, ಆದರೆ ಆ 100 ಮಿಲಿಆಂಪ್ ಹೋಗುತ್ತಿರುವುದು ನಿಮ್ಮ ಒದ್ದೆ ಗೋಡೆಯ ಮೂಲಕ. ಮನೆಯಲ್ಲಿ ಎಲ್ಲ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಇನ್ವರ್ಟರನ್ನೂ ಬಿಡಿಸಿ ಮೀಟರಿನ ಮಿನುಗುವ ಕೆಂಪು ದೀಪ ಹದಿನೈದು ನಿಮಿಷ ನೋಡಿ. ಆಗಲೂ ಮಿನುಗುತ್ತಿದ್ದರೆ ಯಾರನ್ನಾದರೂ ಕರೆಸಿ.

ಹೊಸ ಮನೆ. ಗೃಹಪ್ರವೇಶ ಆಗಿ ಆರು ತಿಂಗಳಾಗಿಲ್ಲ. ನಮಗೂ ಬೇಕಾ?

ಕಟ್ಟುವಾಗ ಅಳತೆ ಮಾಡಿ ಬರೆದುಕೊಟ್ಟಿದ್ದರೆ ಬೇಡ. ಕೊಟ್ಟಿಲ್ಲವಾದರೆ ಒಮ್ಮೆ ಮಾಡಿಸಿ. ಸೀಲಿಂಗಿಗೆ, ಟೈಲ್ಸಿಗೆ ಲಕ್ಷಗಟ್ಟಲೆ ಸುರಿದ ಮನೆಯಲ್ಲಿ ಪ್ಲಗ್ಗಿಗೆ ಅರ್ಥ್ ತಂತಿಯೇ ಎಳೆಯದೆ ಬಿಟ್ಟದ್ದನ್ನು ಕಂಡಿದ್ದೇನೆ.

ಬಾಡಿಗೆ ಮನೆಯಲ್ಲಿದ್ದೇವೆ. ಖರ್ಚು ಯಾರದು?

ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಗೆ 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಮಾಲೀಕರ ಕೆಲಸ ಅಂತ 2020ರಲ್ಲಿ ಕಾನೂನೇ ಬಂತು. ನಮ್ಮಲ್ಲಿ ಮಾತಾಡಿಯೇ ಬಗೆಹರಿಸಿಕೊಳ್ಳಬೇಕು. ವೈರಿಂಗ್ ಮಾಲೀಕರ ಆಸ್ತಿ, ಅವರೇ ಕೊಡುವುದು ನ್ಯಾಯ. ಒಪ್ಪದಿದ್ದರೆ ಅರ್ಧರ್ಧ ಕೇಳಿ ನೋಡಿ. ಅದೂ ಆಗದಿದ್ದರೆ, ಮಕ್ಕಳಿರುವ ಮನೆ ಅಂದರೆ ನೀವೇ ಮಾಡಿಸಿಬಿಡಿ.

ತೋಟದ ಲೈನ್ ಮನೆಗಳಿಗೂ (ಕೂಲಿಯವರ ಸಾಲುಮನೆಗಳಿಗೂ) ಇದೆಲ್ಲ ಬೇಕಾ?

ಅಲ್ಲಿಗೇ ಮೊದಲು ಬೇಕು. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಲೈನ್ ಮನೆಗಳಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ವೈರ್ ಎಳೆದುಕೊಂಡೇ ಹೋಗಿರುತ್ತಾರೆ. ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಕಟ್ಟಿರುತ್ತಾರೆ, ಅದರ ಒಂದು ತುದಿ ಸರ್ವಿಸ್ ವೈರಿನ ಪೈಪಿಗೆ. ಆ ವೈರಿನ ಹೊದಿಕೆ ಸವೆದ ದಿನ ಒದ್ದೆ ಬಟ್ಟೆ ಹಾಕಲು ಹೋದ ಹೆಣ್ಣುಮಗಳ ಗತಿ ಏನು? ತಂತಿ ಬಿಚ್ಚಿ ನೈಲಾನ್ ಹಗ್ಗ ಕಟ್ಟಿಸಿ. ಮನೆಗೊಂದು ಆರ್‌ಸಿಸಿಬಿ ಹಾಕಿಸಿ. ಒಂದು ಮೂಟೆ ಕಾಫಿಯ ದುಡ್ಡಿಗಿಂತ ಜಾಸ್ತಿ ಏನಲ್ಲ.

ಮನೆಯ ಮಾತಲ್ಲದಿದ್ದರೂ ಹೇಳುತ್ತೇನೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಲೈನಿಗೆ ತಾಗಿ ಜೀವ ಹೋಗುತ್ತಲೇ ಇವೆ. ಲೈನ್ ಹಾದುಹೋಗುವ ಕಡೆ ಬಿದಿರಿನ ಏಣಿಯನ್ನೇ ಕೊಡಿ, ಅದೂ ತಂತಿಯಿಂದ ದೂರ ಇಟ್ಟು. ಹಂದಿ, ಆನೆ ಬರುತ್ತವೆ ಅಂತ ಮನೆ ಕರೆಂಟನ್ನು ಬೇಲಿಗೆ ಕೊಡಬೇಡಿ. ಅದು ಅಪರಾಧ. ಸಾಯುವುದು ಆನೆ ಮಾತ್ರ ಅಲ್ಲ.

ಸಿಡಿಲಿಗೆ ಟಿವಿ, ಮೋಡೆಮ್ ಹೋಗುವುದು ಇದರಿಂದ ತಪ್ಪುತ್ತದಾ?

ಪರೀಕ್ಷೆಯಿಂದ ತಪ್ಪುವುದಿಲ್ಲ. ಎಂಸಿಬಿ, ಆರ್‌ಸಿಸಿಬಿ ಎರಡೂ ಸಿಡಿಲಿನ ವೇಗಕ್ಕೆ ಸಾಟಿಯಲ್ಲ. ಸರ್ಜ್, ಅಂದರೆ ಲೈನಿನಲ್ಲಿ ದಿಢೀರನೆ ಏರುವ ವೋಲ್ಟೇಜ್ ತಡೆಯುವ ಬೇರೆ ಸಾಧನ ಇದೆ, ಅದಕ್ಕೂ ಒಳ್ಳೆಯ ಅರ್ಥಿಂಗ್ ಬೇಕು. ಏಪ್ರಿಲ್, ಮೇ ತಿಂಗಳ ಗುಡುಗಿನ ಮಳೆಯಲ್ಲಿ ಮೋಡ ಕಟ್ಟುತ್ತಿದ್ದಂತೆ ಪ್ಲಗ್ ಕಿತ್ತಿಡುವುದೇ ಒಳ್ಳೆಯದು.

ಯಾರನ್ನು ಕರೆಸಬೇಕು? ಸುಮ್ನೆ ಹೆದರಿಸಿ ಸಾಮಾನು ಮಾರುವವರೂ ಇರುತ್ತಾರಲ್ಲ?

ಇರುತ್ತಾರೆ. ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಅಥವಾ ಪರ್ಮಿಟ್ ಇರುವ ವೈರ್‌ಮನ್ ಆಗಿರಬೇಕು. ಕಾರ್ಡ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ, ನನ್ನನ್ನೂ ಕೇಳಿ. ಮೆಗ್ಗರ್, ಅರ್ಥ್ ಟೆಸ್ಟರ್ ಇದೆಯಾ ಅಂತ ಫೋನಿನಲ್ಲೇ ಕೇಳಿ. ಪರೀಕ್ಷೆಗೆ ಬೇರೆ ದುಡ್ಡು, ರಿಪೇರಿಗೆ ಬೇರೆ ದುಡ್ಡು ಅಂತ ಮೊದಲೇ ಮಾತಾಡಿ. ಚೆಕ್ ಫ್ರೀ ಅನ್ನುವವರು ಆ ದುಡ್ಡನ್ನು ಸಾಮಾನಿನಲ್ಲಿ ತೆಗೆಯುತ್ತಾರೆ. ಎಲ್ಲ ಬದಲಾಯಿಸಬೇಕು ಅಂದರೆ, ಯಾವ ಸಾಲಿನಲ್ಲಿ ಎಷ್ಟು ಅಳತೆ ಬಂತು, ತೋರಿಸಿ ಅನ್ನಿ. ತೋರಿಸಲು ಆಗದಿದ್ದರೆ ಕಾಫಿ ಕೊಟ್ಟು ಕಳಿಸಿ.

ದುಡ್ಡು ಕಡಿಮೆ ಇದೆ. ಒಂದೇ ಒಂದು ಕೆಲಸ ಮಾಡಿಸುವುದಾದರೆ ಯಾವುದು?

30 ಮಿಲಿಆಂಪಿನ ಆರ್‌ಸಿಸಿಬಿ. ಅರ್ಥಿಂಗ್ ಸೋತಾಗಲೂ ಕಾಯುವುದು ಅದೇ. ಅದಾದ ಮೇಲೆ ಅರ್ಥಿಂಗ್. ಉಳಿದದ್ದೆಲ್ಲ ಆಮೇಲೆ.

ಪರೀಕ್ಷೆ ಮಾಡಿಸುವವರೆಗೆ ನಾವೇ ಏನು ನೋಡಿಕೊಳ್ಳಬಹುದು?

ಸ್ವಿಚ್ಚಿನ ಸುತ್ತ ಕಂದು ಬಣ್ಣ, ಸುಟ್ಟ ಮೀನಿನಂಥ ವಾಸನೆ, ಬಿಸಿಯಾದ ಪ್ಲಗ್, ಚಿರ್ ಅನ್ನುವ ಸದ್ದು. ಇವುಗಳಲ್ಲಿ ಒಂದು ಕಂಡರೂ ಆ ಪಾಯಿಂಟ್ ಬಳಸಬೇಡಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿ ಎರಡು ತೂತಿಗೆ ಹಾಕಬೇಡಿ. ಉದ್ದವಾಗಿ ಮಾಡಿರುವುದೇ ಅದು ಮೊದಲು ತಾಗಲಿ, ಕೊನೆಗೆ ಬಿಡಲಿ ಅಂತ. ಮತ್ತೆ, ಅಮ್ಮನೋ ಅತ್ತೆಯೋ ಕೆಲಸದವರೋ "ಜುಮ್ ಅಂತದೆ" ಅಂದರೆ ಆ ಹೊತ್ತೇ ಮೇನ್ ಆಫ್ ಮಾಡಿಸಿ. ಭಾನುವಾರ ಕಾಯಬೇಡಿ.

ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದು ಅಂಟಿಕೊಂಡರೆ?

ಮುಟ್ಟಬೇಡಿ. ಮೇನ್ ಸ್ವಿಚ್ ಕೆಳಗೆ ಹಾಕಿ. ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ ಕರೆಂಟ್ ಅಲ್ಲಿಂದ ಬರುತ್ತಲೇ ಇರುತ್ತದೆ. ಮೇನ್ ದೂರ ಇದ್ದರೆ ಒಣ ನೆಲದ ಮೇಲೋ ಹಲಗೆಯ ಮೇಲೋ ನಿಂತು ಒಣಗಿದ ಮರದ ಕೋಲಿನಿಂದ ಬಿಡಿಸಿ. ಹೊರಗಿನ ಲೈನ್ ಹರಿದುಬಿದ್ದಿದ್ದರೆ ಹತ್ತಿರವೇ ಹೋಗಬೇಡಿ. 108ಕ್ಕೆ ಫೋನ್ ಮಾಡಿ. ಉಸಿರಾಟ ಇಲ್ಲದಿದ್ದರೆ ಎದೆಯ ನಡುವೆ ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ. ಎದ್ದು ಕೂತು "ನಂಗೇನೂ ಆಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ. ಮೇನ್ ಸ್ವಿಚ್ ಎಲ್ಲಿದೆ ಅನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತಾ? ಇವತ್ತು ಸಂಜೆ ಮಕ್ಕಳನ್ನು ಕರೆದು ಒಮ್ಮೆ ತೋರಿಸಿ. ಅದರ ಮುಂದೆ ಮೂಟೆ, ಸೈಕಲ್ ಏನಾದರೂ ಇಟ್ಟಿದ್ದರೆ ತೆಗೆಯಿರಿ.